ದೇವರಾಜ ಮಾರ್ಕೆಟ್ಟು: ಕಟ್ಟಡದ ಲೆಕ್ಕ ಆಯ್ತು, ಕೂತವರ ಲೆಕ್ಕ ಎಲ್ಲಿ?

ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ದಿನಾ ಒಂದು ಜಗಳ ಇದ್ದೇ ಇರುತ್ತದೆ. ಪೊಲೀಸರನ್ನು ಕರೆಯುವಂಥ ಜಗಳವಲ್ಲ, ಮೊಳದ ಜಗಳ. “ಏನವ್ವಾ, ನಿನ್ನ ಮೊಳ ಇಷ್ಟು ಗಿಡ್ಡ?” ಎನ್ನುತ್ತಾರೆ ಕೊಳ್ಳಲು ಬಂದ ಅಮ್ಮ. “ದೇವ್ರು ಕೊಟ್ಟ ಕೈ ಕಣಮ್ಮಾ, ಬೇಕಾದ್ರೆ ನಿಮ್ಮ ಕೈಯಲ್ಲೇ ಹಾಕ್ಕೊಳಿ” ಎನ್ನುತ್ತಾಳೆ ಹೂವಿನಾಕೆ. ಅಮ್ಮ ಹಾಕುತ್ತಾರೆ. ಅವರ ಮೊಳ ಇನ್ನೂ ಗಿಡ್ಡ! ಅಕ್ಕಪಕ್ಕದವರೆಲ್ಲ ನಗುತ್ತಾರೆ. ಹೂವಿನಾಕೆ ಒಂದು ಗೇಣು ಕೊಸರು ಬಿಟ್ಟು ದಾರ ಕತ್ತರಿಸುತ್ತಾಳೆ, ವ್ಯಾಪಾರ ಮುಗಿಯುತ್ತದೆ.

ಪಕ್ಕದಲ್ಲೇ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಪರದೇಶದವರು ಇಬ್ಬರು ನಿಂತು ಇದರ ಫೋಟೋ ತೆಗೆದುಕೊಳ್ಳುತ್ತಾರೆ. ಏನು ನಡೆಯಿತು ಅಂತ ಅವರಿಗೆ ಗೊತ್ತಾಗೋದಿಲ್ಲ, ಪಾಪ. ಅಮ್ಮನ ಜೊತೆ ಬಂದ ಹತ್ತನೇ ಕ್ಲಾಸಿನ ಮಗನಿಗೂ ಗೊತ್ತಾಗೋದಿಲ್ಲ ಅನ್ನೋದೇ ತಮಾಷೆ. ಒಂದು ಮಾರಿಗೆ ಎಷ್ಟು ಮೊಳ ಅಂತ ಕೇಳಿದರೆ ಜೇಬಿನಿಂದ ಫೋನು ತೆಗೆಯುತ್ತಾನೆ.

ಈ ಮಾರ್ಕೆಟ್ಟಿನ ಬಗ್ಗೆ ಮೈಸೂರಲ್ಲಿ ನಡೆದಷ್ಟು ಮಾತು ಇನ್ನಾವ ಕಟ್ಟಡದ ಬಗ್ಗೆಯೂ ನಡೆದಿರಲಾರದು. 2012ರ ಆಗಸ್ಟ್‌ನಲ್ಲಿ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ, ಅದೂ ದುರಸ್ತಿ ಕೆಲಸ ನಡೆಯುತ್ತಿದ್ದ ಕಾಲದಲ್ಲೇ, ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಭಾಗ ಧೊಪ್ಪನೆ ಬಿತ್ತು. ಆಮೇಲೆ ಸಮಿತಿ ಮೇಲೆ ಸಮಿತಿ, ವರದಿ ಮೇಲೆ ವರದಿ. ಒಬ್ಬರು ಒಡೀಬೇಕು ಅಂತ ಬರೆದರೆ ಇನ್ನೊಬ್ಬರು ಉಳಿಸಬಹುದು ಅಂತ ಬರೆದರು. 2023ರಲ್ಲಿ ಹೈಕೋರ್ಟು ಕೆಡವುವುದರ ವಿರುದ್ಧ ಬಂದಿದ್ದ ಅರ್ಜಿಗಳನ್ನು ವಜಾ ಮಾಡಿತು. ವಾದ ಅಷ್ಟಕ್ಕೇ ನಿಲ್ಲಲಿಲ್ಲ, ಬಿಡಿ.

ಒಂದು ಪಕ್ಷದವರು ಗಾರೆ, ಕಮಾನು, ಮಹಾರಾಜರ ಕಾಲ ಅನ್ನುತ್ತಾರೆ. ಇನ್ನೊಂದು ಪಕ್ಷದವರು ಸಿಮೆಂಟು, ಲಿಫ್ಟು, ಪಾರ್ಕಿಂಗು ಅನ್ನುತ್ತಾರೆ. ಇವರಿಬ್ಬರೂ ಒಪ್ಪುವ ಮಾತು ಒಂದೇ ಒಂದು: ಏನೇ ಆದರೂ ಇದು ಪ್ರವಾಸಿಗರು ಬಂದು ನೋಡುವಂಥ, ಮಕ್ಕಳು ಬಂದು ನಮ್ಮ ಸಂಸ್ಕೃತಿ ಕಲಿಯುವಂಥ ಜಾಗ ಆಗಬೇಕು. ಬಹಳ ಸರಿ. ಆದರೆ ಕಲಿಸೋರು ಯಾರು ಸ್ವಾಮಿ? ಗೋಡೆಯೇ? ಕಮಾನೇ?

ಫೀಜಿಲ್ಲದ ಸ್ಕೂಲು

ಸಯ್ಯಾಜಿರಾವ್ ರಸ್ತೆಯ ಬಾಗಿಲಿನಿಂದ ಒಳಗೆ ಹೋಗಿ ಚಿಕ್ಕ ಗಡಿಯಾರದ ಕಡೆಯಿಂದ ಹೊರಗೆ ಬಂದವನು, ಕಣ್ಣು ತೆರೆದುಕೊಂಡು ನಡೆದಿದ್ದರೆ, ಒಂದು ವರ್ಷದ ಪಾಠ ಮುಗಿಸಿದ ಹಾಗೆ. ಎಂಟುನೂರರ ಆಸುಪಾಸು ಅಂಗಡಿಗಳಿರುವ ಮಾರ್ಕೆಟ್ಟು ಇದು. ದಿವಾನ್ ಪೂರ್ಣಯ್ಯನವರು ಊರಿಗೆ ಕಾವೇರಿ ನೀರು ತರಬೇಕೆಂದು ತೋಡಿಸಲು ಹೊರಟಿದ್ದ ನಾಲೆಯ ಮೇಲೇ ಇದು ಎದ್ದಿದೆ ಎನ್ನೋ ಮಾತು ಹಳಬರಲ್ಲಿದೆ. ನೀರು ಹರಿಯಬೇಕಾದ ಕಡೆ ಜನ ಹರಿದರು ಅನ್ನಿ.

ಹೂವನ್ನೇ ತಗೊಳ್ಳಿ. ಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ, ಸುಗಂಧರಾಜ, ನಡುನಡುವೆ ಹಸಿರಿಗೆ ಮರುಗ, ದವನ. ಬಿಡಿ ಹೂವಾದರೆ ತಕ್ಕಡಿ, ಕಟ್ಟಿದ ಹೂವಾದರೆ ಮೊಳ, ಹೆಚ್ಚು ಬೇಕಾದರೆ ಮಾರು. ಎರಡು ಕೈ ಚಾಚಿದರೆ ಒಂದು ಮಾರು, ಮಾರಿಗೆ ನಾಲ್ಕು ಮೊಳ. ಸರ್ಕಾರ 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಮಾಡಿ ಸೇರು, ಮಣ, ಗಜ ಎಲ್ಲವನ್ನೂ ಅಂಗಡಿಯಿಂದ ಎಬ್ಬಿಸಿ ಕಳಿಸಿತು. ಮೊಳದ ಹತ್ತಿರ ಮಾತ್ರ ಅದರ ಆಟ ನಡೆಯಲಿಲ್ಲ. ಕಿಲೋಮೀಟರಿನಲ್ಲಿ ಬಸ್ ಚಾರ್ಜು ಕೊಟ್ಟು ಬಂದವರು ಮೊಳದಲ್ಲಿ ಹೂವು ಕೊಂಡು ಹೋಗುತ್ತಾರೆ, ಯಾರಿಗೂ ತೊಂದರೆ ಇಲ್ಲ.

ಇನ್ನು ಕಟ್ಟುವ ಕೈ. ನೆನೆಸಿದ ಬಾಳೆನಾರು ಅಥವಾ ದಾರ ಕಾಲ್ಬೆರಳಿಗೆ ಸಿಕ್ಕಿಸಿ, ಎರಡು ಹೂವು ಈ ಕಡೆ ಎರಡು ಹೂವು ಆ ಕಡೆ ಇಟ್ಟು, ಗಿರಾಕಿಯ ಮುಖ ನೋಡಿಕೊಂಡೇ, ಬೆಲೆ ಹೇಳಿಕೊಂಡೇ ಗಂಟು ಹಾಕಿ ಬಿಗಿಯುವ ಕೈ. ಅದನ್ನು ಯಾವ ಕೋರ್ಸಿನಲ್ಲೂ ಕಲಿಸಿಲ್ಲ. ತಾಯಿ ಕಟ್ಟುವಾಗ ಮಗಳು ಪಕ್ಕದಲ್ಲಿ ಕೂತಿದ್ದಳು, ಅಷ್ಟೇ. ಈಗ ಮಗಳು ಪಕ್ಕದಲ್ಲಿ ಕೂರೋದಿಲ್ಲ, ಕಾಲೇಜಿಗೆ ಹೋಗುತ್ತಾಳೆ. ಹೋಗಲಿ, ಹೋಗಲೇಬೇಕು. ಆದರೆ ತಾಯಿಯ ಕೈಯಲ್ಲಿರೋದು ಒಂದು ವಿದ್ಯೆ ಅಂತ ಆ ಮಗಳಿಗೆ ಯಾರೂ ಹೇಳಲಿಲ್ಲ.

ವೀಳ್ಯದೆಲೆ ಸಾಲು ಇನ್ನೊಂದು ಕ್ಲಾಸು. ಮೈಸೂರು ಚಿಗುರೆಲೆ ಅಂದರೆ ಸುಮ್ಮನೆ ಅಲ್ಲ, ಭೌಗೋಳಿಕ ಸೂಚಕದ ಮುದ್ರೆ ಬಿದ್ದ ಎಲೆ ಅದು. ಮೈಸೂರು ಮಲ್ಲಿಗೆಗೂ ಬಿದ್ದಿದೆ, ನಂಜನಗೂಡು ರಸಬಾಳೆಗೂ ಬಿದ್ದಿದೆ. ಮುದ್ರೆ ಬಿತ್ತು, ಪೇಪರಿನಲ್ಲಿ ಫೋಟೋ ಬಂತು, ಅಲ್ಲಿಗೆ ಮುಗೀತು. ಎಲೆತೋಟಗಳು ಇದ್ದ ಕಡೆ ಹಲವು ಕಡೆ ಈಗ ಬಡಾವಣೆ. ರಸಬಾಳೆ ಪನಾಮಾ ರೋಗಕ್ಕೆ ಸಿಕ್ಕಿ ಬೆಳೆಯುವವರೇ ಕಡಿಮೆಯಾದರು. ಗಾಡಿಯ ಮೇಲೆ “ರಸಬಾಳೇ” ಅಂತ ಕೂಗೋದೆಲ್ಲ ರಸಬಾಳೆ ಅಲ್ಲ ಅನ್ನೋದು ಬಾಳೆಹಣ್ಣಿನ ಸಾಲಿನ ಹಳೇ ವ್ಯಾಪಾರಿಗೆ ಗೊತ್ತು. ಸಿಪ್ಪೆ ನೋಡಿ, ಮೂಸಿ ಹೇಳುತ್ತಾನೆ. ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಅಸಲಿ ಬೆಳೆದ ರೈತನಿಗೆ ಅಸಲಿ ಬೆಲೆ ಎಲ್ಲಿಂದ ಬರಬೇಕು? ಮಾರ್ಕೆಟ್ಟಿನಲ್ಲಿ ಕಲಿಯುವುದು ಅಂದರೆ ಇದು. ಕಲಿತರೆ ಹೊಲದವನ ಹೊಟ್ಟೆ ತುಂಬುತ್ತದೆ.

ಪಂಚಾಂಗ ನೋಡದಿದ್ದರೂ ಮಾರ್ಕೆಟ್ಟು ನೋಡಿದರೆ ತಿಂಗಳು ತಿಳಿಯುತ್ತದೆ. ಅವರೆಕಾಯಿ ರಾಶಿ ಬಿದ್ದು, ಹೆಂಗಸರು ಒಂದೊಂದು ಕಾಯಿ ಮೂಸಿ ಸೊಗಡು ನೋಡುತ್ತಿದ್ದರೆ ಸಂಕ್ರಾಂತಿ ಹತ್ತಿರ. ಬೇವಿನ ಹೂವಿನ ಗೊಂಚಲು ಬಂದರೆ ಯುಗಾದಿ. ಆಷಾಢ ಶುಕ್ರವಾರಕ್ಕೆ ಬೆಟ್ಟಕ್ಕೆ ಹೋಗೋರ ಹೂವು ಕಾಯಿ, ವರಮಹಾಲಕ್ಷ್ಮಿಗೆ ತಾವರೆ, ಗೌರಿಗೆ ಬಾಗಿನದ ಮೊರ, ಆಯುಧಪೂಜೆಗೆ ಬೂದುಗುಂಬಳ. ಗ್ರಂಧಿಗೆ ಅಂಗಡಿಯಲ್ಲಿ ಹೆಸರು ಹೇಳಿದ ತಕ್ಷಣ ಬೇರು, ನಾರು, ತೊಗಟೆ ಪೊಟ್ಟಣ ಕಟ್ಟುವ ಯಜಮಾನರು ಇದ್ದಾರೆ. ಆ ನೂರಾರು ಹೆಸರು ಅವರ ತಲೆಯಲ್ಲಿದೆ. ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ, ಅವರ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ.

ಹಳೇ ಕಾಲದ ಸಾಮಾನು ನೋಡಬೇಕಾದರೆ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮಿವಿಲಾಸದ ಜಾನಪದ ವಸ್ತುಸಂಗ್ರಹಾಲಯ ಇದೆ. ಒಳ್ಳೇ ಕೆಲಸ, ಮಾಡಿದವರಿಗೆ ದೊಡ್ಡ ನಮಸ್ಕಾರ. ಅಲ್ಲಿ ವಸ್ತು ಉಂಟು, ಮಾತಾಡುವುದಿಲ್ಲ. ಇಲ್ಲಿ ಮಾತಾಡುತ್ತದೆ, ಚೌಕಾಸಿಯನ್ನೂ ಮಾಡುತ್ತದೆ.

ನೋಡೋರು ಹೆಚ್ಚಾದರೆ ಕೊಳ್ಳೋರು ಎಲ್ಲಿ?

ಕುಂಕುಮ, ಬಣ್ಣದ ಪುಡಿಗಳನ್ನು ಗೋಪುರದ ಹಾಗೆ ಪೇರಿಸಿಟ್ಟ ಅಂಗಡಿಗಳ ಫೋಟೋ ಪ್ರಪಂಚವೆಲ್ಲ ತಿರುಗಿದೆ. ಮೈಸೂರು ಅಂದರೆ ಅರಮನೆಯ ದೀಪ, ಅದು ಬಿಟ್ಟರೆ ಈ ಕುಂಕುಮದ ಗೋಪುರ. “ಫೋಟೋಗೆ ಒಂದೊಂದು ರೂಪಾಯಿ ಬಂದಿದ್ರೂ ಇಷ್ಟೊತ್ತಿಗೆ ಬಂಗಲೆ ಕಟ್ಟಬಹುದಿತ್ತು” ಅನ್ನೋದು ಆ ಸಾಲಿನ ತಮಾಷೆ. ತಮಾಷೆಯೇನೋ ಸರಿ, ಆದರೆ ಪ್ರವಾಸಿಗರು ಬಂದರೆ ಮಾರ್ಕೆಟ್ಟು ಉದ್ಧಾರ ಎನ್ನುವವರು ಅದನ್ನು ಒಂದು ಸಲ ಕೇಳಿಸಿಕೊಳ್ಳಬೇಕು. ಪ್ರವಾಸಿಗ ಎರಡು ಸೋಪು, ಒಂದು ಅಗರಬತ್ತಿ ಕಟ್ಟು, ಒಂದು ಸೀಸೆ ಗಂಧದೆಣ್ಣೆ ತಗೊಂಡಾನು. ಕುಂಬಳಕಾಯಿ ತಗೊಂಡು ವಿಮಾನ ಹತ್ತುವವನಲ್ಲ. ಅದರಲ್ಲೂ ಆಟೋದಲ್ಲಿ ಬರುವವರನ್ನು ಕಮಿಷನ್ ಕೊಡುವ ಅಂಗಡಿ ಬಾಗಿಲಿಗೇ ಇಳಿಸುವ ಚಾಲಾಕಿ ನಮ್ಮ ಊರಲ್ಲಿ ಹೊಸದೇನಲ್ಲ.

ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಬೊಕೇರಿಯಾ ಅಂತ ಒಂದು ಹಳೆಯ ಮಾರ್ಕೆಟ್ಟಿದೆ. ಮೀನು, ಮಾಂಸ, ತರಕಾರಿ, ಊರವರ ಅಡುಗೆಮನೆ ನಡೆಯೋದೇ ಅದರಿಂದ. ಹೆಸರು ಬಂತು, ಪ್ರವಾಸಿಗರು ನುಗ್ಗಿದರು. ಊರಿನ ಮುದುಕಿ ಬುಟ್ಟಿ ಹಿಡಿದು ಒಳಗೆ ನಡೆಯೋಕೆ ಜಾಗ ಇಲ್ಲ. ತರಕಾರಿ ಇಟ್ಟಿದ್ದ ಕಡೆ ಹೆಚ್ಚಿದ ಹಣ್ಣಿನ ಲೋಟ, ಜ್ಯೂಸು ಬಂದವು. ಕೊನೆಗೆ 2015ರಲ್ಲಿ ಅಲ್ಲಿನ ನಗರಸಭೆ ಒಂದು ಕಟ್ಟಳೆ ತಂದಿತು: ಶುಕ್ರವಾರ, ಶನಿವಾರ ಮಧ್ಯಾಹ್ನ ಮೂರು ಗಂಟೆಯ ತನಕ 15 ಜನಕ್ಕಿಂತ ದೊಡ್ಡ ಗುಂಪು ಒಳಗೆ ಬರಕೂಡದು. ಕರೆದವರೇ ಬಾಗಿಲು ಹಾಕಬೇಕಾಯಿತು!

ದಿಲ್ಲಿಯಲ್ಲಿ ಬೇರೆ ಥರ. 1994ರಲ್ಲಿ ದಿಲ್ಲಿ ಹಾಟ್ ಅಂತ ಕಟ್ಟಿದರು. ಹಾಟ್ ಅಂದರೆ ಸಂತೆ. ಬಾಗಿಲಲ್ಲಿ ಟಿಕೆಟ್ ತಗೊಂಡು ಒಳಗೆ ಹೋಗುವ ಸಂತೆ. ದೇಶದ ನಾನಾ ಕಡೆಯ ಕುಶಲಕರ್ಮಿಗಳಿಗೆ ಅದರಿಂದ ಅನುಕೂಲವಾಗಿದೆ, ಇಲ್ಲ ಅನ್ನೋ ಹಾಗಿಲ್ಲ. ನಮ್ಮಲ್ಲೂ ರಿಂಗ್ ರಸ್ತೆ ಬದಿಯಲ್ಲಿ ಅರ್ಬನ್ ಹಾತ್ ಇದೆ, ಮೇಳ ನಡೆದಾಗ ಜನ ಹೋಗಿ ಸೀರೆ, ಮಣ್ಣಿನ ಮಡಕೆ, ಬೊಂಬೆ ತರುತ್ತಾರೆ. ಅದು ಹಬ್ಬದ ಊಟ. ದೇವರಾಜ ಮಾರ್ಕೆಟ್ಟು ದಿನದ ಮುದ್ದೆ. ಮುದ್ದೆಯನ್ನು ತಟ್ಟೆಯಲ್ಲಿಟ್ಟು ಸುತ್ತ ಹೂವು ಜೋಡಿಸಿ ಪ್ರದರ್ಶನಕ್ಕೆ ಇಟ್ಟರೆ ಸಂಜೆ ಊಟಕ್ಕೆ ಏನು ಮಾಡೋದು?

ಮಾರ್ಕೆಟ್ಟಿನ ಬಣ್ಣ ಉಳಿದಿರೋದು ಅಲ್ಲಿಗೆ ದಿನಾ ಬಂದು ಅರ್ಧ ಕಿಲೋ ಬೀನ್ಸು, ಎರಡು ತೆಂಗಿನಕಾಯಿ ತಗೊಂಡು ಹೋಗುವ ಜನರಿಂದ. ಇವರಲ್ಲಿ ಬಹಳ ಮಂದಿ ಬಸ್ಸಿನಲ್ಲಿ ಬರೋರು. ನಗರ ಬಸ್ ನಿಲ್ದಾಣದಿಂದ ಕೆ.ಆರ್. ಸರ್ಕಲ್ ದಾಟಿ ನಡೆದರೆ ಹತ್ತು ನಿಮಿಷ ಬೇಡ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಕಾಸು ಇಲ್ಲವಾದ ಮೇಲೆ ಟಿ. ನರಸೀಪುರ, ನಂಜನಗೂಡು, ಹುಣಸೂರು ಕಡೆಯಿಂದ ಕೈಯಲ್ಲಿ ಖಾಲಿ ಚೀಲ ಹಿಡಿದು ಬರೋ ಅಕ್ಕಂದಿರ ಕಾಲಿಗೂ ಈ ಮಾರ್ಕೆಟ್ಟು ಹತ್ತಿರವಾಗಿದೆ. ಮಾತಿಗೆ ಬಂದಿದ್ದು ಸುಲಭ, ಆದರೆ ಹಳ್ಳಿಯಿಂದ ಬಂದ ಆ ಅಕ್ಕನಿಗೆ ಒಂದು ಗಂಟೆ ತಿರುಗಿದ ಮೇಲೆ ಕೂರಲು ಒಂದು ಕಟ್ಟೆ ಬೇಕು, ಶುದ್ಧವಾದ ನೀರು ಬೇಕು, ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಒಂದು ಶೌಚಾಲಯ ಬೇಕು. ಬೆಳಗಿನ ಜಾವದಿಂದ ಕೂತ ಹೂವಿನಾಕೆಗೂ ಅದೇ ಬೇಕು. ಲಂಡನ್ನಿನಿಂದ ಬಂದವರಿಗೂ ಅದೇ ಬೇಕು ಅನ್ನಿ. ಪ್ರವಾಸೋದ್ಯಮ ಅಂತ ಕೋಟಿ ಲೆಕ್ಕ ಹಾಕುವವರು ಈ ಮೂರನ್ನು ಮೊದಲು ಮಾಡಿದರೆ ಅರ್ಧ ಪ್ರವಾಸೋದ್ಯಮ ಆದ ಹಾಗೆ.

ಬುಟ್ಟಿಯವರು ಯಾವ ಪಟ್ಟಿಯಲ್ಲಿ?

ಈಗ ಬರೋಣ ಮುಖ್ಯ ಸಂಗತಿಗೆ. ಮಳಿಗೆ ಇಟ್ಟವರಿಗೆ ನಂಬರು ಉಂಟು, ಬಾಡಿಗೆ ರಶೀದಿ ಉಂಟು, ಸಂಘ ಉಂಟು. ಕೋರ್ಟಿಗೆ ಹೋಗಲು ವಕೀಲರುಂಟು. ಅವರ ಕಷ್ಟವೂ ಸಣ್ಣದೇನಲ್ಲ. ನಾಳೆ ಒಡೀತಾರೋ ನಾಡಿದ್ದು ಒಡೀತಾರೋ ಗೊತ್ತಿಲ್ಲದ ಅಂಗಡಿಗೆ ಯಾರು ಹೊಸ ಕಪಾಟು ಹಾಕಿಸುತ್ತಾರೆ? ಮೇಲಿನ ಹೆಂಚು ಸೋರಿದರೆ ಪಾಲಿಕೆ ಮುಖ ನೋಡಬೇಕು, ಪಾಲಿಕೆ ಸರ್ಕಾರದ ಮುಖ ನೋಡುತ್ತದೆ. ಹೊಸ ಕಟ್ಟಡ ಬಂದರೆ ಬಾಡಿಗೆ ಎಷ್ಟಾಗುತ್ತೋ, ಈಗ ನೆಲದ ಮೇಲಿರುವ ಬಾಳೆಹಣ್ಣಿನ ಅಂಗಡಿಯನ್ನು ಎರಡನೇ ಮಹಡಿಗೆ ಹತ್ತಿಸುತ್ತಾರೋ ಅನ್ನೋ ಹೆದರಿಕೆ ಅವರಿಗೆ ಇದ್ದೇ ಇದೆ. ಗೊನೆ ಹೊತ್ತವನು ಮೆಟ್ಟಿಲು ಹತ್ತಬಲ್ಲ, ಗಿರಾಕಿ ಹತ್ತುವುದಿಲ್ಲ. ಇದನ್ನು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಬಾಗಿಲ ಪಕ್ಕದಲ್ಲಿ, ಎರಡು ಅಂಗಡಿಯ ನಡುವಿನ ಸಂದಿಯಲ್ಲಿ, ಗೋಣಿತಾಟು ಹಾಸಿ ಕೂತವರು? ಕೊತ್ತಂಬರಿ ಕಟ್ಟು, ನಿಂಬೆಹಣ್ಣು, ಕರಿಬೇವು, ತುಳಸಿ ಮಾಲೆ ಮಾರುವ ಅಜ್ಜಿಯರು? ಅವರಿಗೆ ನಂಬರಿಲ್ಲ, ರಶೀದಿ ಇಲ್ಲ. ಅವರ ತಾಯಿಯೂ ಅದೇ ಕಂಬದ ಹತ್ತಿರ ಕೂತಿದ್ದಳು ಅನ್ನೋದೇ ದಾಖಲೆ. ಕಟ್ಟಡ ಕೆಡವಿದ ದಿನ ಆ ಕಂಬವೂ ಹೋಗುತ್ತದೆ, ದಾಖಲೆಯೂ ಹೋಗುತ್ತದೆ. ಹೊಸ ನಕ್ಷೆ ಬರೆಯುವ ಮೇಜಿನ ಮೇಲೆ ಎಂಟುನೂರು ಮಳಿಗೆ ಇರುತ್ತೆ, ಅಜ್ಜಿಯರು ಇರೋದಿಲ್ಲ. ಆಮೇಲೆ ಉದ್ಘಾಟನೆಗೆ ಬಂದ ದೊಡ್ಡವರು “ಹಳೇ ಮಾರ್ಕೆಟ್ಟಿನ ಕಳೆ ಯಾಕೋ ಇಲ್ಲ” ಅಂತ ಅಂದುಕೊಂಡು ಹೋಗುತ್ತಾರೆ. ಕಳೆ ಅಜ್ಜಿಯರ ಜೊತೆ ಎದ್ದು ಹೋಯಿತು ಮಹಾಶಯರೇ, ಬಸ್ ಸ್ಟಾಪಿನ ಹತ್ತಿರ ಎಲ್ಲಾದರೂ ಪೊಲೀಸರು ಓಡಿಸ್ತಾ ಇರ್ತಾರೆ, ನೋಡಿ.

ಕಾನೂನು ಇಲ್ಲ ಅನ್ನೋ ಹಾಗೂ ಇಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ ಪಾರ್ಲಿಮೆಂಟು 2014ರಲ್ಲಿ ಒಂದು ಕಾಯಿದೆ ಮಾಡಿದೆ. ಐದು ವರ್ಷಕ್ಕೊಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಅವರ ಪ್ರತಿನಿಧಿಗಳೂ ಇರುವ ಸಮಿತಿ ಇರಬೇಕು, ಅದರಲ್ಲಿ ಹೆಂಗಸರಿಗೂ ಜಾಗ ಇರಬೇಕು ಅಂತ ಅದರಲ್ಲಿದೆ. ಇನ್ನೊಂದು ಮಾತಿದೆ, ಮೈಸೂರಿನವರು ಬಾಯಿಪಾಠ ಮಾಡಬೇಕಾದ್ದು: 50 ವರ್ಷಕ್ಕೂ ಮೀರಿ ಬೀದಿ ವ್ಯಾಪಾರ ನಡೆದುಕೊಂಡು ಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿಯ ವ್ಯಾಪಾರಿಗಳನ್ನು ಎಬ್ಬಿಸಕೂಡದು. ಗಮನಿಸಿ, ಕಾಯಿದೆ ಪಾರಂಪರಿಕ ಅಂದದ್ದು ಗೋಡೆ ನೋಡಿ ಅಲ್ಲ, ಕೂತ ಜನರನ್ನು ನೋಡಿ. ಮಾರ್ಕೆಟ್ಟಿನ ಸುತ್ತಲ ಬೀದಿಯಲ್ಲಿ, ಬಾಗಿಲುಗಳಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಇದು ಅನ್ವಯಿಸುತ್ತದೆ ಅಂತ ಎಣಿಸಿ ಹೇಳಬೇಕಾದವರು ಪಾಲಿಕೆಯವರು.

ಮುಂಬಯಿಯಲ್ಲಿ 1869ರಲ್ಲಿ ಕಟ್ಟಿದ ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲೆ ರೈತಾಪಿ ಜನರ ಉಬ್ಬುಚಿತ್ರ ಕೆತ್ತಿದ್ದಾರೆ. ಬ್ರಿಟಿಷರಿಗೂ ಅವರನ್ನು ಕಲ್ಲಿನಲ್ಲಾದರೂ ಇಡಬೇಕು ಅನ್ನಿಸಿತು. ನಮಗೆ ಕೆತ್ತೋ ಖರ್ಚೂ ಇಲ್ಲ, ಜೀವಂತ ಕೂತಿದ್ದಾರೆ.

ಹಾಗಾದರೆ ಏನು ಮಾಡೋಣ ಅಂತ ಕೇಳುವವರಿಗೆ ಉತ್ತರ ಬಹಳ ದುಬಾರಿಯದ್ದೇನಲ್ಲ. ಪ್ರತಿ ಸಾಲಿಗೂ ಕನ್ನಡದಲ್ಲಿ ಒಂದು ಬೋರ್ಡು, ಕೆಳಗೆ ಬೇಕಾದರೆ ಇಂಗ್ಲಿಷು, ಹಿಂದಿ. ಹೂವಿನ ಹೆಸರು, ಎಲೆಯ ಹೆಸರು, ಬಾಳೆಯ ಜಾತಿ, ಯಾವ ಊರಿಂದ ಬಂತು. ಮೊಳ, ಮಾರು, ಚಿಪ್ಪು, ಗೊನೆ, ಕಟ್ಟು ಅಂದರೇನು ಅಂತ ನಾಲ್ಕು ಸಾಲು. ಶನಿವಾರ ಬೆಳಿಗ್ಗೆ ಸ್ಕೂಲಿನ ಮಕ್ಕಳು ಹತ್ತು ಹತ್ತು ಜನರ ಗುಂಪಾಗಿ ಬರಲಿ. ಕೈಗೆ ಐವತ್ತು ರೂಪಾಯಿ ಕೊಟ್ಟು, “ಇಷ್ಟರಲ್ಲಿ ಒಂದು ಪೂಜೆಗೆ ಬೇಕಾದ್ದು ತಗೊಂಡು ಬಾ” ಅಂತ ಬಿಡಲಿ. ಗಣಿತವೂ ಆಯ್ತು, ಕನ್ನಡವೂ ಆಯ್ತು, ಬೈಸಿಕೊಳ್ಳೋದನ್ನೂ ಕಲಿತ ಹಾಗಾಯ್ತು. ಹೂವು ಕಟ್ಟೋದು ಹೇಳಿಕೊಟ್ಟ ಅಜ್ಜಿಗೆ ಆ ಹೊತ್ತಿನ ಸಂಭಾವನೆ ಸಿಗಲಿ. ಧರ್ಮಕ್ಕೆ ಕಲಿಸು ಅಂದರೆ ಯಾರ ವ್ಯಾಪಾರ ನಡೆಯುತ್ತೆ? ಪ್ರವಾಸಿಗರನ್ನು ಕರೆದುಕೊಂಡು ಸುತ್ತುವ ಕೆಲಸ ಮಾರ್ಕೆಟ್ಟಿನವರ ಮಕ್ಕಳಿಗೇ ಕೊಡಬಹುದು. ತರಬೇತಿ ಮೂರು ತಿಂಗಳದ್ದು ಸಾಕು, ಉಳಿದದ್ದು ಅವರಿಗೆ ಹುಟ್ಟಿನಿಂದ ಬಂದಿದೆ. ಹಬ್ಬದ ಹಿಂದಿನ ದಿನ ಮಾತ್ರ ದೊಡ್ಡ ಗುಂಪುಗಳಿಗೆ ಬಾಗಿಲು ಹಾಕಲಿ, ಅವತ್ತು ಮೈಸೂರಿನವರದ್ದು.

ಇದಿಷ್ಟಕ್ಕೂ ಕಟ್ಟಡ ಒಡೆದು ಕಟ್ಟುತ್ತೀರೋ, ಊರುಗೋಲು ಕೊಟ್ಟು ಉಳಿಸುತ್ತೀರೋ ಅನ್ನೋ ತೀರ್ಮಾನಕ್ಕೆ ಕಾಯಬೇಕಾಗಿಲ್ಲ. ಎರಡರಲ್ಲಿ ಯಾವುದಾದರೂ ಒಂದು ವಿಷಯ ಮಾತ್ರ ತಡ ಮಾಡುವ ಹಾಗಿಲ್ಲ. ಒಬ್ಬ ಗುಮಾಸ್ತೆ, ಒಂದು ಪುಸ್ತಕ, ಒಂದು ಪೆನ್ನು. ಮಧ್ಯಾಹ್ನ ಹನ್ನೊಂದಕ್ಕೆ ಜೀಪಿನಲ್ಲಿ ಬಂದರೆ ಆಗೋದಿಲ್ಲ. ಮೂಟೆ ಇಳಿಯುವ ಬೆಳಗಿನ ಐದು ಗಂಟೆಗೆ ಒಂದು ಸಲ, ಕಾಸಿಗೆ ಕೊಸರಿಗೆ ಉಳಿದ ಹೂವು ಕೊಟ್ಟುಬಿಡುವ ಸಂಜೆ ಏಳಕ್ಕೆ ಇನ್ನೊಂದು ಸಲ. ಒಂದು ವಾರ, ಬಾಗಿಲಿಂದ ಬಾಗಿಲಿಗೆ, ಕಂಬದಿಂದ ಕಂಬಕ್ಕೆ. ಯಾರು ಕೂತಿದ್ದಾರೆ, ಏನು ಮಾರುತ್ತಾರೆ, ಎಷ್ಟು ವರ್ಷವಾಯ್ತು, ತಾಯಿ ಎಲ್ಲಿ ಕೂರುತ್ತಿದ್ದಳು. ಬರೆದದ್ದನ್ನು ಓದಿ ಹೇಳಿ, ಅವರಿಂದ ಹೆಬ್ಬೆಟ್ಟೋ ರುಜುವೋ ಹಾಕಿಸಿ, ಒಂದು ಪ್ರತಿ ಅವರ ಕೈಗೇ ಕೊಡಬೇಕು.

ಶುರು ಮಾಡಲು ಧನ್ವಂತರಿ ರಸ್ತೆಯ ಬಾಗಿಲೇ ಒಳ್ಳೇದು. 2016ರಲ್ಲಿ ಮೊದಲು ಬಿದ್ದದ್ದು ಅದೇ.